ಗ್ರಹಣ ನಮ್ಮೂರಿಗೆ ಕಾಣುತ್ತದೋ ಇಲ್ಲವೋ

ಅಕ್ಕ ಚೊಚ್ಚಲ ಹೆರಿಗೆಗೆ ಅಕ್ಕಲಕೋಟಕ್ಕೆ, ನಮ್ಮ ಮನೆಗೆ ಬಂದಿದ್ದಳು. ಒಂಬತ್ತು ತುಂಬುವ ಹೊತ್ತಿಗೇ ಸೂರ್ಯಗ್ರಹಣ ಬರಬೇಕೇ? ಗ್ರಹಣ ಹಿಡಿದು ಬಿಡುವತನಕ ಬಸುರಿ ಕತ್ತಲ ಕೋಣೆಯಲ್ಲಿ ಕೈಕಾಲು ಮಡಚದೆ ಅಂಗಾತ ಮಲಗಬೇಕು, ನೀರೂ ಕುಡಿಯಬಾರದು ಎಂಬುದು ಅವ್ವನ ಕಟ್ಟಪ್ಪಣೆ. ಅಂಗಾತ ಮಲಗಿದರೆ ಅಕ್ಕನಿಗೆ ಉಸಿರು ಕಟ್ಟುತ್ತಿತ್ತು.

ಅವ್ವನ ಶಾಸ್ತ್ರದಲ್ಲಿ ಇದ್ದದ್ದು ಒಂದೇ ಕಿಂಡಿ. "ನಮ್ಮೂರಿಗೆ ಕಾಣಸಲಿಲ್ಲಂದ್ರ ಈ ನೇಮ ಪಾಳಸೂದು ಬ್ಯಾಡ" ಎಂದಿದ್ದಳು. ಅಕ್ಕ ನನ್ನ ಕೈ ಹಿಡಿದುಕೊಂಡು, "ನೀ ಸೋಲಾಪುರದಾಗ ಸೈನ್ಸ್ ಕಲೀತೀಯಲ್ಲ, ಏನರ ಹುಡುಕಿ ತಾರವಾ" ಎಂದಳು.

ಮನೆಯ ಮರಾಠಿ ಪಂಚಾಂಗ ಗ್ರಹಣ ಕಾಣುತ್ತದೆ ಎಂದೇ ಹೇಳುತ್ತಿತ್ತು. ರಾಶಿಫಲ ಅಚ್ಚು ಹಾಕುವವರು ಆಕಾಶವನ್ನೇನು ನೋಡಿಯಾರು ಎಂಬ ಸೊಕ್ಕು ನನಗೆ. ಕಾಲೇಜಿನ ಗ್ರಂಥಾಲಯದಲ್ಲಿದ್ದ ಖಗೋಳದ ಪುಸ್ತಕಗಳು ನಾನು ಹುಟ್ಟುವ ಮೊದಲಿನವು. ಇಂಟರ್‌ನೆಟ್ಟಿನಲ್ಲಿ ಹುಡುಕುತ್ತೇನೆ ಎಂದಾಗ, ಅಚ್ಚಾದದ್ದನ್ನು ನಾಲ್ಕು ಜನ ತಿದ್ದಿರುತ್ತಾರೆ, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು ಎಂದರು ನಮ್ಮ ಭೌತಶಾಸ್ತ್ರದ ಸರ್. ನಾನೆಲ್ಲಿ ಕೇಳುತ್ತೇನೆ? ಸೋಲಾಪುರಕ್ಕೆ ಆಗಷ್ಟೇ ಬಂದಿದ್ದ ಸೈಬರ್ ಕೆಫೆಗೆ ಹೋದೆ. ಒಂದು ಪುಟ ತೆರೆಯುವಷ್ಟರಲ್ಲಿ ಜೀವ ಬಾಯಿಗೆ ಬಂತು. ಅದರ ಊರುಗಳ ಪಟ್ಟಿಯಲ್ಲಿ ಸೋಲಾಪುರವೇ ಇರಲಿಲ್ಲ. ಇದ್ದುದರಲ್ಲಿ ಹತ್ತಿರದ್ದು ಹೈದರಾಬಾದ್, ವೇಳೆಯೂ ಇಂಗ್ಲೆಂಡಿನದು. ಪ್ರಿಂಟ್ ತೆಗೆಸಿ, ಐದೂವರೆ ತಾಸು ಕೂಡಿಸಿ, ಪಕ್ಕದಲ್ಲಿ ಪೆನ್ನಿನಿಂದ ನಮ್ಮ ವೇಳೆ ಬರೆದೆ. ಜೊತೆಗಿದ್ದ ನಕ್ಷೆಯಲ್ಲಿ ನಮ್ಮ ಸೀಮೆಯೂ ನೆರಳಿನೊಳಗೇ ಇತ್ತು. ಪಂಚಾಂಗದ ವೇಳೆಗೂ ನಾನು ಬರೆದ ವೇಳೆಗೂ ಕೆಲವೇ ನಿಮಿಷಗಳ ಅಂತರ. ಎಸ್.ಟಿ. ಬಸ್ಸಿನಲ್ಲಿ ಆ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

ಅವ್ವ ಹಾಳೆ ಇಸಿದುಕೊಂಡು ಪಂಚಾಂಗದೊಳಗೆ ಇಟ್ಟಳು.

"ಈಗರ ನಂಬತೀಯೇನ? ನಿನ್ನ ಕಂಪ್ಯೂಟರೂ ಅದನ್ನ ಹೇಳತೈತಿ."

ಗ್ರಹಣದ ದಿನ ಮಧ್ಯಾಹ್ನದಿಂದಲೇ ಮೋಡ. ಸೂರ್ಯನೇ ಇಲ್ಲ, ಗ್ರಹಣ ಎಲ್ಲಿಂದ ಕಾಣಬೇಕು? "ಕಾಣಸವಲ್ಲದಲ್ಲವ್ವ" ಎಂದು ಗೋಗರೆದೆ. "ಮಾಡ ಅಡ್ಡ ಬಂದಾವ, ಅಷ್ಟ" ಎಂದಳು. ಅಕ್ಕ ಬಾಯಿ ತೆರೆದು ಉಸಿರೆಳೆಯುವ ಸದ್ದು ಪಡಸಾಲೆಯವರೆಗೆ ಕೇಳುತ್ತಿತ್ತು. ನಾನು ನೀರಿನ ತಂಬಿಗೆ ಹಿಡಿದು ಕೋಣೆಯ ಹೊಸ್ತಿಲಲ್ಲಿ ಕೂತೆ. ಅದರಾಚೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಂತೂ ಪಂಚಾಂಗದ ವೇಳೆ ಮುಗಿಯಿತು. ಅಕ್ಕ ಮೊಣಕೈ ಊರಿ ಏಳಲು ಹೋದಳು. ಅವ್ವ ನನ್ನ ಹಾಳೆ ತೆಗೆದಳು. ಇಂಗ್ಲಿಷ್ ಬಾರದಿದ್ದರೂ ನಾನು ಬರೆದ ಅಂಕಿ ಅವಳಿಗೆ ಓದಲು ಬರುತ್ತಿತ್ತು.

"ತಡಿ, ಇದರಾಗ ಇನ್ನಾ ಬಿಟ್ಟಿಲ್ಲ."

"ಅದು ಹೈದರಾಬಾದಿಂದವ್ವ!"

"ಇರಲಿ. ಹೆಚ್ಚಾದ್ರ ಪಾಪಿಲ್ಲ."

ಅಕ್ಕ ನನ್ನನ್ನೇ ನೋಡುತ್ತ ಮತ್ತೆ ಅಂಗಾತ ಮಲಗಿದಳು.