ಅಕ್ಕನ ಹೊಲಕ್ಕೆ ಹಾಕಿದ ಮಂದೆ

ನಾನು ಚಿಕ್ಕವನಿದ್ದಾಗ ನಮ್ಮ ಹಟ್ಟಿಯಲ್ಲಿ ನನಗಿಂತ ಕುರಿಗಳಿಗೇ ಮರ್ಯಾದೆ ಹೆಚ್ಚು. ಅವುಗಳ ಹೊಟ್ಟೆ ತುಂಬಿದ ಮೇಲೆಯೇ ನಮಗೆ ಊಟ. ಬೇಸಿಗೆ ಬಂತೆಂದರೆ ಕೊಡಿಗೇನಹಳ್ಳಿ ಸುತ್ತಿನ ರೈತರು ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ರಾತ್ರಿ ಹಿಂಡನ್ನು ಹೊಲದಲ್ಲಿ ತರುಬಿ ಕೂಡಿಹಾಕಿದರೆ ಹಿಕ್ಕೆ, ಗಂಜಲ ಬಿದ್ದು ನೆಲಕ್ಕೆ ಒಳ್ಳೆಯ ಗೊಬ್ಬರವಾಗುತ್ತಿತ್ತು. ಅದಕ್ಕೆ ಮಂದೆ ಹಾಕುವುದು ಎನ್ನುತ್ತಿದ್ದೆವು.

ಆ ವರ್ಷ ಅಕ್ಕನ ಮದುವೆಯಾಗಿತ್ತು. ಪಕ್ಕದ ಊರಿಗೇ ಕೊಟ್ಟಿದ್ದೆವು. ಅವಳ ಗಂಡನ ಮನೆಯವರಿಗೆ ಇದ್ದದ್ದು ಕೆರೆ ಹತ್ತಿರದ ಒಂದೇ ಹೊಲ. "ಮಗಳ ಹೊಲಕ್ಕೆ ಈ ಸಲ ನಮ್ದೇ ಮಂದೆ" ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಅವತ್ತು ಬೆಳಿಗ್ಗೆ ಅಪ್ಪ ಕುರಿ ಕೂಡುವ ತಡಿಕೆಗಳನ್ನು ಹೊತ್ತುಕೊಂಡು ಮುಂದೆ ಹೊರಟ. ಹಿಂಡು ನನ್ನ ಪಾಲಿಗೆ ಬಂತು. "ಲೇ, ಹೊಟ್ಟೆ ತುಂಬ ಮೇಯಿಸ್ಕೊಂಡು ಬಾ. ಖಾಲಿ ಹೊಟ್ಟೇಲಿ ಹೊಡ್ಕೊಂಡ್ ಬಂದು ನಿಮ್ಮಕ್ಕನ ಅತ್ತೆ ಮುಂದೆ ನನ್ ಮಾನ ಕಳೀಬ್ಯಾಡ ಕಣ್ಲಾ" ಎಂದ. ಮೇಯಿಸಲು ಹುಲ್ಲೆಲ್ಲಿತ್ತು? ಬೀಳಿನ ಹುಲ್ಲು ಬಿಸಿಲಿಗೆ ಸುಟ್ಟು ತರಗಾಗಿತ್ತು. ಕುರಿಗಳು ಮಣ್ಣು ಮೂಸಿ ಸೀನುತ್ತಿದ್ದವು.

ಕೆರೆ ಏರಿಯ ಮೇಲೆ ಮಾತ್ರ ಹಸಿರಿತ್ತು. ಸೌದೆಗಾಗುತ್ತದೆಂದು ಯಾರೋ ಅಲ್ಲಿ ಬಳ್ಳಾರಿ ಜಾಲಿ ನೆಟ್ಟಿದ್ದರು. ಆಗ ನಮ್ಮ ಕಡೆಗೆ ಅದು ಹೊಸ ಗಿಡ. ಕೊಂಬೆ ಕೊಂಬೆಯಲ್ಲೂ ಹಳದಿ ಕಾಯಿ ಜೋತಾಡುತ್ತಿದ್ದವು. ಒಂದನ್ನು ಕಚ್ಚಿ ನೋಡಿದೆ. ಬೆಲ್ಲದ ಹಾಗೆ ಸಿಹಿ. ದೋಟಿ ಹಾಕಿ ಕೊಂಬೆ ಎಳೆದು ಅಲುಗಿಸಿದೆ. ಕಾಯಿ ಉದುರುವ ಸದ್ದಿಗೆ ಇಡೀ ಹಿಂಡು ನನ್ನನ್ನೇ ಕೆಡವಿ ನುಗ್ಗಿತು. ತೋಳೆಲ್ಲ ಮುಳ್ಳು ಗೀರಿ ರಕ್ತ ಬಂದರೂ ಹೊತ್ತು ಇಳಿಯುವವರೆಗೆ ಉದುರಿಸಿದೆ. ಸಂಜೆ ಅಕ್ಕನ ಹೊಲ ಮುಟ್ಟಿದಾಗ ಹೊಟ್ಟೆ ಉಬ್ಬಿದ ಕುರಿಗಳನ್ನು ಕಂಡು ಅಪ್ಪ ನನ್ನ ತಲೆ ಸವರಿದ. ಅವನು ಇನ್ನೊಮ್ಮೆ ಹಾಗೆ ಮಾಡಿದ್ದು ನನಗೆ ನೆನಪಿಲ್ಲ. ಏನು ಮೇಯಿಸಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೆಳಿಗ್ಗೆ ನೋಡಿದರೆ ಹೊಲವೆಲ್ಲ ಹಿಕ್ಕೆ. ಅಕ್ಕನ ಅತ್ತೆ ಖುಷಿಯಿಂದ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಮುಂದೆ ಮಳೆ ಬಿದ್ದಾಗ, ಹೊಸ ಸೊಸೆ ಎಂದು ಅಕ್ಕನ ಕೈಯಿಂದಲೇ ಮೊದಲ ಹಿಡಿ ರಾಗಿ ಬಿತ್ತಿಸಿದರಂತೆ.

ಪೈರು ಗೇಣುದ್ದ ಬಂದಾಗ ನಾನು ಅಕ್ಕನನ್ನು ನೋಡಲು ಹೋದೆ. ರಾಗಿಯ ನಡುನಡುವೆ, ಎಲ್ಲಿ ನೋಡಿದರಲ್ಲಿ ಜಾಲಿಯ ಮೊಳಕೆ. ಅವಳ ಅತ್ತೆ ಬದುವಿನ ಮೇಲೆ ನಿಂತು ಆಚೀಚೆ ಹೊಲದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಇವ್ಳ ಕೈಗುಣ ನೋಡ್ರವ್ವ! ರಾಗಿ ಬಿತ್ತಿದ್ರೆ ಮುಳ್ಳು ಹುಟ್ಟೈತೆ!" ಅದಕ್ಕೂ ಮುಂಚೆ ಎಷ್ಟೋ ಹೊಲಗಳಿಗೆ ನಮ್ಮ ಮಂದೆ ಹಾಕಿದ್ದೆವು, ಎಲ್ಲೂ ಮುಳ್ಳು ಹುಟ್ಟಿರಲಿಲ್ಲ. ಹಾಗಾಗಿ ಕುರಿಗಳ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಕ್ಕ ಬಗ್ಗಿ ಮೊಳಕೆ ಕೀಳುತ್ತಿದ್ದಳು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

ನಾನೂ ಒಂದನ್ನು ಕಿತ್ತೆ. ಬೇರಿಗೆ ಕುರಿಹಿಕ್ಕೆಯೊಂದು ಅಂಟಿಕೊಂಡೇ ಬಂತು. ಮೊಳಕೆ ಹಿಕ್ಕೆಯನ್ನು ಸೀಳಿಕೊಂಡು ಅದರೊಳಗಿಂದಲೇ ಹೊರಟಿತ್ತು. ಯಾರೂ ಹೇಳಿಕೊಡದೆಯೇ ನನಗೆ ಎಲ್ಲ ಅರ್ಥವಾಯಿತು. ಅಲ್ಲೇ ಹೇಳಿಬಿಡಬೇಕಿತ್ತು. ಅಪ್ಪನ ಕೋಲು ನೆನಪಾಗಿ ಬಾಯಿ ಕಟ್ಟಿತು. ಹಿಕ್ಕೆಯನ್ನು ಬೆರಳಲ್ಲೇ ಪುಡಿ ಮಾಡಿ ಎಸೆದೆ. ಮಕ್ಕಳೇ, ನಾನು ಹೇಡಿಯಾಗಿದ್ದೆ. ಅದಕ್ಕೆ ಬೇರೆ ಹೆಸರಿಲ್ಲ.

ಜಾಲಿ ಕಡಿದಷ್ಟೂ ಬುಡದಿಂದ ಚಿಗುರಿತು. ಕೆಲವೇ ವರ್ಷಗಳಲ್ಲಿ ಆ ಹೊಲಕ್ಕೆ ಎತ್ತು ಕಾಲಿಡದಂತಾಯಿತು. ಅದರ ಕೆಳಗೆ ಹುಲ್ಲು ಬೆಳೆಯಲಿಲ್ಲ. ಹುಲ್ಲಿಲ್ಲದೆ ಗೌಜಲಕ್ಕಿಗಳು ಗೂಡು ಮಾಡುವುದನ್ನು ಬಿಟ್ಟವು. ಹುಲ್ಲು ಸಿಗದ ಕುರಿಗಳು ಜಾಲಿಕಾಯಿಯನ್ನೇ ತಿಂದು ಮತ್ತೊಬ್ಬರ ಹೊಲಕ್ಕೆ ಬೀಜ ಹೊತ್ತವು. ಊರಲ್ಲಿ ಯಾರ ಮನೆಯ ಬಿತ್ತನೆಗೂ ಅಕ್ಕನನ್ನು ಕರೆಯಲಿಲ್ಲ.

ನಿಮಗೆ ಆ ಹೊಲ ಗೊತ್ತು. ಕ್ರಿಕೆಟ್ ಚೆಂಡು ಹೋಗಿ ಬಿದ್ದರೆ ನೀವು ತರದೆ ಬಿಟ್ಟುಬರುವ ಜಾಲಿ ಮೆಳೆ ಅದೇ. ಪ್ರಾಣಿಗಳ ಹೊಟ್ಟೆಯಲ್ಲಿ ಬೀಜ ಊರೂರು ಸುತ್ತುವುದು ನಿಮ್ಮ ಪಾಠಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಪರೀಕ್ಷೆಯಲ್ಲಿ ಬರೆದರೆ ಎರಡು ಅಂಕ. ಮೊನ್ನೆ ನಿಮ್ಮಲ್ಲಿ ಕಿರಿಯವಳು ಶಾಲೆಯ ಕೆಲಸಕ್ಕೆಂದು ಪ್ಲಾಸ್ಟಿಕ್ ಲೋಟಕ್ಕೆ ಮಣ್ಣು ತುಂಬಿ, ನನ್ನ ಅಕ್ಕನ ಮುಂದೆ ಹೆಸರುಕಾಳು ಹಿಡಿದು, "ದೊಡ್ಡಜ್ಜಿ, ನೀನೇ ಹಾಕು" ಎಂದಳು. ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, "ನನ್ ಕೈ ಬ್ಯಾಡ ಕಣಮ್ಮ" ಎಂದಳು. ನೀವೆಲ್ಲ ನಕ್ಕಿರಿ. ನಾನು ಪಕ್ಕದಲ್ಲೇ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.