ಎದುರು ಕಿಟಕಿಯ ಅಕ್ಕ ಕಂಡ ಊರು

ಜರ್ಮನಿ ನೋಡಿಬಂದ ಮಗಳು ಪೊಟ್ಟಣವೊಂದನ್ನು ಬಿಚ್ಚಿದಳು. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ, ದಾಲ್ಚಿನ್ನಿಯ ಘಮ. "ಫ್ರಾಂಕ್‌ಫರ್ಟ್ ಓಲ್ಡ್ ಟೌನ್‌ದು ಮಮ್ಮಿ, ಟೇಸ್ಟ್ ಮಾಡು" ಎಂದಳು. ಆ ಘಮ ನನಗೆ ಹೊಸದಾಗಿರಲಿಲ್ಲ...

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಕುವೈತಿನ ಬ್ನೇದ್ ಅಲ್ ಗಾರ್ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿದ್ದೆವು. ನಮ್ಮ ಅಡುಗೆಮನೆ ಕಿಟಕಿಯ ಎದುರಿಗೇ ಇನ್ನೊಂದು ಮನೆಯ ಕಿಟಕಿ. ಅಲ್ಲಿ ಮಂಗಳೂರು ಕಡೆಯ ಒಬ್ಬ ಅಕ್ಕ ಮಗು ನೋಡಿಕೊಳ್ಳುವ ಕೆಲಸಕ್ಕಿದ್ದರು. ಮನೆಯವರು ಹೊರಟರೆ ಬಾಗಿಲಿಗೆ ಹೊರಗಿನಿಂದ ಬೀಗ. ಪಾಸ್‌ಪೋರ್ಟು ಯಜಮಾನಿಯ ಬಳಿ. ಅವರನ್ನು ನಾನು ಸೊಂಟದಿಂದ ಮೇಲಷ್ಟೇ ಕಂಡದ್ದು.

ಒಂದು ಬೇಸಿಗೆಯಲ್ಲಿ ಆ ಮನೆಯವರು ಯಜಮಾನನ ಚಿಕಿತ್ಸೆಗೆಂದು ಫ್ರಾಂಕ್‌ಫರ್ಟ್‌ಗೆ ಹೋದಾಗ ಅಕ್ಕನನ್ನೂ ಕರೆದೊಯ್ದರು. ಮರಳಿದ ಮೇಲೆ ಅವರು ಇಂಥದೇ ಬಾದಾಮಿಯನ್ನು ಕಿಟಕಿಯಿಂದ ನನ್ನ ಕೈಗೆಸೆದರು.

"ಮರದ ಪಟ್ಟಿ ಇಟ್ಟ ಎಂಥಾ ಚಂದದ ಮನೆಗಳು ಮಾರಾಯ್ತಿ! ನೂರಾರು ವರ್ಷ ಹಳೇದು ಅಂತ ಕಾಣ್ತದೆ. ಆದ್ರೆ ಎಲ್ಲ ಮೊನ್ನೆ ಮೊನ್ನೆ ಕಟ್ಟಿದ್ದಂತೆ. ಮೊದಲಿನದ್ದು ಯುದ್ಧದಲ್ಲಿ ಸುಟ್ಟುಹೋಯ್ತಂತೆ."

ಅದೇ ಊರಿನ ಕಾನ್ವೆಂಟಿನಲ್ಲಿ ಅವರ ತಂಗಿ ಸಿಸ್ಟರ್ ಆಗಿದ್ದಳು. ಅಕ್ಕ ಹೋಟೆಲಿನಿಂದ ಕದ್ದು ಫೋನ್ ಮಾಡಿದ್ದರು. ಯಜಮಾನಿ ಅಂಗಡಿಯೊಳಗಿದ್ದಾಗ ತಂಗಿ ಆ ಚೌಕಕ್ಕೆ ಬಂದು ಕೈ ಹಿಡಿದು, ಈಗಲೇ ಬಾ, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ ಎಂದಿದ್ದಳು.

"ಮತ್ತ ಯಾಕ ಹೋಗಲಿಲ್ರಿ ಅಕ್ಕಾ?" ನನ್ನ ದನಿ ಏರಿತ್ತು.

"ತಳ್ಳುವ ಗಾಡಿಯಲ್ಲಿ ಮಗು ನಿದ್ದೆ ಮಾಡ್ತಿತ್ತಲ್ಲಾ... ನಡು ಬೀದಿಯಲ್ಲಿ ಬಿಟ್ಟು ಹೇಗೆ ಹೋಗುದು?" ಎಂದು ಕೇಳಿ, "ಮುಂದಿನ ವರ್ಷ ಮಗು ನಡೀತದೆ. ಆಗ ಅದರ ಕೈಯನ್ನು ತಾಯಿಯ ಕೈಗೆ ಕೊಟ್ಟೇ ಹೋಗ್ತೇನೆ" ಎಂದರು.

ಮುಂದಿನ ವರ್ಷ ಮನೆಯವರು ಅಕ್ಕನನ್ನು ಇಲ್ಲೇ ಬಿಟ್ಟು ಫ್ರಾಂಕ್‌ಫರ್ಟ್‌ಗೆ ಹೋದರು. ಕಿರಾಣಿ ತುಂಬಿಸಿಟ್ಟು ಬೀಗ ಜಡಿದಿದ್ದರು. ಹೊರಗೆ ಕಾದ ಹಂಚಿನಂಥ ಬಿಸಿಲು. ಅಕ್ಕ ಇಡೀ ದಿನ ಕಿಟಕಿಯಲ್ಲೇ. "ಎಂಬಸಿಗೆ ಹೇಳ್ಲೇನ್ರಿ?" ಎಂದು ಎಷ್ಟೋ ಸಲ ಕೇಳಿದೆ. "ಬೇಡ. ಕಳ್ಳತನದ ಕೇಸ್ ಹಾಕ್ತಾರೆ. ಪಕ್ಕದ ಮನೆಯ ಕೆಲಸದ ಹುಡುಗಿಗೆ ಹಾಗೇ ಆಯ್ತು" ಎನ್ನುತ್ತಿದ್ದರು. ಆಮೇಲಾಮೇಲೆ ಮಾತೂ ಕಡಿಮೆಯಾಯಿತು.

ಮನೆಯವರು ಮರಳಿದ ವಾರದಲ್ಲೇ ಆ ಕಿಟಕಿ ಮುಚ್ಚಿತು. ಓಡಿಹೋಗಿ ಕೇಳಿದೆ. ಆ ಕಟ್ಟಡದ ಕಾವಲುಗಾರ ಕೈ ಕೊಡವಿ, "ಖಲಾಸ್. ದೂಸ್ರಾ ಘರ್ ಗಯಾ" ಎಂದ. ಬೇರೆ ಯಾವ ಮನೆಗೆ ಎಂಬುದು ಅವನಿಗೂ ತಿಳಿದಿರಲಿಲ್ಲ.

"ದೆನ್ ವಾಟ್ ಹ್ಯಾಪನ್ಡ್?" ಎಂದು ಮಗಳು ಈಗ ಕೇಳುತ್ತಿದ್ದಾಳೆ. ಬರುವ ತಿಂಗಳು ನಾವು ಕುವೈತ್ ಬಿಡುತ್ತಿದ್ದೇವೆ. ಅಕ್ಕ ಹೊರಟರೋ, ಇಲ್ಲೇ ಯಾವುದೋ ಬೀಗದ ಹಿಂದೆ ಮುದುಕಿಯಾದರೋ ನನಗೆ ಗೊತ್ತಿಲ್ಲ. ಹೆಸರು ಹೇಳಿ ವಿಚಾರಿಸೋಣವೆಂದರೆ, ಅಷ್ಟು ದಿನ ಮಾತಾಡಿಯೂ ನಾನು ಅವರನ್ನು ಕರೆದದ್ದು ಬರೀ ಅಕ್ಕ ಎಂದು.