ಬೋಣಿಗೆ ಮೊದಲು ವಾಪಸ್ ಇಲ್ಲ

ಹಳೇ ಹುಬ್ಬಳ್ಳಿಯ ಓಣಿಯೊಳಗೆ ಕೊರಿಯರ್ ವ್ಯಾನು ನುಗ್ಗದು. ಹಾಗಾಗಿ ಅಲ್ಲಿಯ ಬಳೆ ಅಂಗಡಿಯೇ ಈಗ ಆನ್‌ಲೈನ್ ಪಾರ್ಸೆಲ್‌ಗಳ ತಂಗುದಾಣ. ಬೆಳಿಗ್ಗೆ ದಾರಿ ಕೇಳಲು ನಿಂತಿದ್ದೆ. ಹೆಂಗಸೊಬ್ಬಳು ವಾಪಸ್ ಕಳಿಸಲು ಡಬ್ಬಿಯೊಂದನ್ನು ತಂದಳು.

"ಇನ್ನೂ ಬೋಣಿ ಆಗಿಲ್ಲವ್ವಾ. ಮೊದಲಿಗೇ ವಾಪಸ್ ಹೆಂಗ ತಗೊಳ್ಳಲಿ?" ಎಂದರು ವಯಸ್ಸಾದ ಅಂಗಡಿಕಾರರು.

"ಕಾಕಾ, ಇವತ್ತ ಕಡೀ ದಿನ. ಓಣಿ ತುದಿಗೆ ವ್ಯಾನ್ ಹೊಂಟು ನಿಂತೈತಿ."

ತಡೆಯಲಾರದೆ ನಾನೇ ಒಂದು ಪಾಕೀಟು ಪಿನ್ನು ಕೊಂಡು ಬೋಣಿ ಮಾಡಿದೆ. ಅವರು ನನ್ನ ನೋಟನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಡಬ್ಬಿಯ ಚೀಟಿಗೆ ಫೋನು ಹಿಡಿದರು. ಒಳಗಿದ್ದದ್ದೇನೆಂದು ಪರದೆಯ ಮೇಲೆ ಮೂಡಿತು: ಗಾಜಿನ ಬಳೆ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಮದುವಿಗೆ ಬಳಿ ಇಟ್ಟಾಂವ ನಾನ. ಅಳತಿ ನನ್ನ ಕೇಳಬಾರದಿತ್ತೇನವ್ವಾ?"

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.